ಮನೆಯ ಇಂಟರ್ನೆಟ್ಟಿಗೂ ಬೇಕು ಒಂದು ಉಣುಗೋಲು

ಊರಿನ ಮನೆಯಲ್ಲೇ ಕೂತು ಆಫೀಸ್ ಕೆಲಸ ಮಾಡುವವರು ಈಗ ಮಲೆನಾಡಿನಲ್ಲೂ ಇದ್ದಾರೆ. ಕಡಿಮೆ ಕರೆಂಟ್ ಕುಡಿಯುವ, ಗೋಡೆಯ ಗೂಡಿನಲ್ಲಿ ಕೂರುವಷ್ಟು ಪುಟ್ಟದಾದ ಫೈರ್‌ವಾಲ್ ರೂಟರ್ ಆರಿಸೋದು ಹೇಗೆ? ಇಲ್ಲಿದೆ ಒಂದಿಷ್ಟು ಸಲಹೆ.

"ಅಮ್ಮಾ, ನೆಟ್ ಹೋಯ್ತು!"

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಈ ಕೂಗು ಮಾಮೂಲು. ಮೊದಲೆಲ್ಲ ಕರೆಂಟ್ ಹೋದರೆ ಸೀರಿಯಲ್ ತಪ್ಪುತ್ತಿತ್ತು, ಮಿಕ್ಸಿ ನಿಲ್ಲುತ್ತಿತ್ತು, ಅಷ್ಟೆ. ಈಗ ಹಾಗಲ್ಲ. ಮಗನ ಮೀಟಿಂಗ್ ನಿಲ್ಲುತ್ತೆ, ಸೊಸೆ ಕಳಿಸಬೇಕಾದ ಫೈಲ್ ಅರ್ಧಕ್ಕೇ ಕೂರುತ್ತೆ, ಹೋಂಸ್ಟೇ ಬುಕಿಂಗ್ ಕೈತಪ್ಪುತ್ತೆ. ಅಂದರೆ ಸಂಬಳಕ್ಕೇ ಪೆಟ್ಟು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನಿಂದ ಊರಿಗೆ ಬಂದ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿದ್ದು, ಮರದ ಕೆಳಗೆ ಟಾರ್ಪಾಲ್ ಕಟ್ಟಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದು ನಿಮಗೆಲ್ಲ ನೆನಪಿರಬಹುದು. ಆಮೇಲಾಮೇಲೆ ಬಿಎಸ್‌ಎನ್‌ಎಲ್‌ನದ್ದೋ, ಊರಿನ ಕೇಬಲ್‌ನವರದ್ದೋ ಫೈಬರ್ ವೈರು ಅನೇಕ ಮನೆಗಳ ಜಗಲಿ ತನಕ ಬಂತು. ಕೆಲವರು ಬೆಂಗಳೂರಿಗೆ ವಾಪಸ್ ಹೋದರು, ಕೆಲವರು ತಿಂಗಳಲ್ಲಿ ಹತ್ತು ದಿನ ಊರಲ್ಲೇ ಇದ್ದು ತೋಟವನ್ನೂ ಕೆಲಸವನ್ನೂ ನೋಡಿಕೊಳ್ಳುತ್ತಾರೆ. ಆಫೀಸಿನ ಕೆಲಸ ಅಂದರೆ ಸಾಫ್ಟ್‌ವೇರ್ ಮಾತ್ರ ಅಂದುಕೊಳ್ಳಬೇಡಿ. ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದುಕೊಡುವವರು, ಆನ್‌ಲೈನ್ ಟ್ಯೂಷನ್ ಹೇಳುವವರು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾರುವವರು, ಎಲ್ಲರದ್ದೂ ಹೋಂ ಆಫೀಸೇ.

ವೈರು ಬಂತು, ಡಬ್ಬ ಬಂತು, ವೈಫೈ ಬಂತು. ಆದರೆ ಆ ವೈರಿನಲ್ಲಿ ಹೊರಗಿನಿಂದ ಒಳಗೆ ಏನೇನು ಬರಬಹುದು ಅಂತ ಯೋಚನೆ ಮಾಡಿದವರು ಎಷ್ಟು ಜನ? 'ಅದೆಲ್ಲಾ ಗಂಡಸರ ವಿಷಯ' ಅಂತ ನಾವು ಸುಮ್ಮನಿರುತ್ತೇವೆ. ದಿನವಿಡೀ ಮನೆಯಲ್ಲಿದ್ದು ಆ ಡಬ್ಬದ ಕೆಂಪು ದೀಪ, ಹಸಿರು ದೀಪ ನೋಡುವವರು ಮಾತ್ರ ನಾವೇ ತಾನೆ?

ಏನಿದು ಫೈರ್‌ವಾಲ್?

ಮಲೆನಾಡಿನ ತೋಟಕ್ಕೆ ಬೇಲಿ ಇರುತ್ತೆ, ಬೇಲಿಗೊಂದು ಉಣುಗೋಲು ಇರುತ್ತೆ. ಮನೆಯವರು ಗಳ ಸರಿಸಿ ಹೋಗಿ ಬರುತ್ತಾರೆ. ಬೀಡಾಡಿ ದನ ಬಂದರೆ ಅಲ್ಲೇ ನಿಲ್ಲುತ್ತೆ. ಫೈರ್‌ವಾಲ್ ಮಾಡುವುದೂ ಇದನ್ನೇ. ನೀವು ಒಳಗಿನಿಂದ ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತೆ. ಯಾರೂ ಕರೆಯದೆ ಹೊರಗಿನಿಂದ ಬಾಗಿಲು ತಟ್ಟುವವರನ್ನು ಆಚೆಯೇ ನಿಲ್ಲಿಸುತ್ತೆ. ರೂಟರ್ ಅಂದರೆ ಒಂದೇ ಸಂಪರ್ಕವನ್ನು ಮನೆಯ ಫೋನು, ಲ್ಯಾಪ್‌ಟಾಪ್, ಟಿವಿಗಳಿಗೆ ಹಂಚುವ ಯಂತ್ರ. ಎರಡೂ ಒಂದೇ ಡಬ್ಬದಲ್ಲಿದ್ದರೆ ಅದು ಫೈರ್‌ವಾಲ್ ರೂಟರ್.

"ನಮ್ಮಂಥವರ ಮನೆಗೆ ಯಾರು ಬರ್ತಾರೆ ಕದಿಯೋಕೆ?" ಅಂತೀರಾ? ಕಳ್ಳ ಇಲ್ಲಿ ಮನೆ ನೋಡಿ ಬರಲ್ಲ. ತೆರೆದಿರುವ ಬಾಗಿಲು ಎಲ್ಲಿದೆ ಅಂತ ಯಂತ್ರವೇ ಜಗತ್ತಿನಾದ್ಯಂತ ಹುಡುಕುತ್ತಾ ಇರುತ್ತೆ. 2016ರಲ್ಲಿ 'ಮಿರಾಯ್' ಅನ್ನುವ ಕುತಂತ್ರಾಂಶ ಹೀಗೇ ಹುಡುಕಿ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಬದಲಿಸದೆ ಇಟ್ಟುಕೊಂಡಿದ್ದ ಲಕ್ಷಗಟ್ಟಲೆ ಸಿಸಿಟಿವಿ ಕ್ಯಾಮೆರಾ, ರೂಟರ್‌ಗಳ ಒಳಗೆ ಹೊಕ್ಕಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅಂಥ ಯಂತ್ರಗಳನ್ನೆಲ್ಲ ಒಟ್ಟಿಗೆ ಬಳಸಿ ನಡೆಸಿದ ದಾಳಿಯಿಂದ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಗಂಟೆಗಟ್ಟಲೆ ನಿಂತುಹೋದವು. 2018ರಲ್ಲಿ 'ವಿಪಿಎನ್‌ಫಿಲ್ಟರ್' ಅನ್ನುವ ಇನ್ನೊಂದು, 54 ದೇಶಗಳ ಕಡಿಮೆಯೆಂದರೂ 5 ಲಕ್ಷ ಯಂತ್ರಗಳಿಗೆ ತಗುಲಿತ್ತು. ಅವುಗಳಲ್ಲಿ ಹೆಚ್ಚಿನವು ಮನೆ, ಸಣ್ಣ ಆಫೀಸುಗಳ ರೂಟರ್‌ಗಳೇ. ಆ ಮನೆಗಳವರಿಗೆ ತಮ್ಮ ಡಬ್ಬ ಯಾರದ್ದೋ ಮಾತು ಕೇಳುತ್ತಿದೆ ಅನ್ನೋದು ಗೊತ್ತೇ ಇರಲಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ?

ಎಲ್ಲರೂ ಹೊಸದು ಕೊಳ್ಳಬೇಕಿಲ್ಲ. ಮನೆಯಲ್ಲಿ ಎರಡು ಫೋನು, ಒಂದು ಟಿವಿ ಮಾತ್ರ ಇದ್ದರೆ ಕೇಬಲ್‌ನವರು ಕೊಟ್ಟ ಡಬ್ಬದಲ್ಲಿರುವ ಫೈರ್‌ವಾಲೇ ಸಾಕು. ಅದು ಆನ್ ಆಗಿದೆಯಾ, ಪಾಸ್‌ವರ್ಡ್ ಬದಲಾಗಿದೆಯಾ ನೋಡಿಕೊಂಡರೆ ಆಯ್ತು.

ಆದರೆ ಈ ಕೆಳಗಿನವುಗಳಲ್ಲಿ ಒಂದಾದರೂ ನಿಮ್ಮ ಮನೆಗೆ ಹೊಂದಿದರೆ ಬೇರೆ ರೂಟರ್ ಬಗ್ಗೆ ಯೋಚಿಸಿ.

• ಮಗ, ಸೊಸೆ ಅಥವಾ ನೀವೇ ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುತ್ತೀರಿ.
• ಬೇರೆಯವರ ಲೆಕ್ಕಪತ್ರ, ಆಧಾರ್, ಪ್ಯಾನ್ ಪ್ರತಿ ನಿಮ್ಮ ಕಂಪ್ಯೂಟರ್‌ನಲ್ಲಿದೆ.
• ಹೋಂಸ್ಟೇ ನಡೆಸುತ್ತೀರಿ, ಬಂದ ಅತಿಥಿಗಳಿಗೆಲ್ಲ ವೈಫೈ ಪಾಸ್‌ವರ್ಡ್ ಕೊಡುತ್ತೀರಿ.
• ಅಂಗಳದಲ್ಲಿ ಒಣಗಿಸಿದ ಅಡಿಕೆ, ಕಾಳುಮೆಣಸು ಕಾಯೋದಕ್ಕೆ ಸಿಸಿಟಿವಿ ಹಾಕಿಸಿ ಫೋನಿನಲ್ಲಿ ನೋಡುತ್ತೀರಿ.

ಇದರಲ್ಲಿ ಹೋಂಸ್ಟೇಯವರು ಹೆಚ್ಚು ಎಚ್ಚರ ವಹಿಸಬೇಕು. ಶೃಂಗೇರಿಗೆ ಶಾರದಾಂಬೆಯ ದರ್ಶನಕ್ಕೆ, ಭದ್ರಾ ಹಿನ್ನೀರು ನೋಡೋದಕ್ಕೆ ಎನ್.ಆರ್. ಪುರದ ಕಡೆಗೆ ಬರುವ ಅತಿಥಿಗಳಲ್ಲಿ ಯಾರ ಫೋನಿನಲ್ಲಿ ಯಾವ ವೈರಸ್ ಇದೆಯೋ ನಮಗೇನು ಗೊತ್ತು? ಮನೆಯವರ ಲ್ಯಾಪ್‌ಟಾಪು, ಅತಿಥಿಯ ಫೋನು ಒಂದೇ ವೈಫೈನಲ್ಲಿದ್ದರೆ ಎರಡೂ ಒಂದೇ ಕೋಣೆಯಲ್ಲಿ ಮಲಗಿದ ಹಾಗೆ. ಇನ್ನೊಂದು ವಿಷಯ: ನಿಮ್ಮ ಸಂಪರ್ಕದಿಂದ ಯಾರಾದರೂ ತಪ್ಪು ಕೆಲಸ ಮಾಡಿದರೆ ಪೊಲೀಸರು ಮೊದಲು ವಿಚಾರಿಸೋದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರನ್ನೇ.

ಕರೆಂಟಿನ ಲೆಕ್ಕ

ಮಿಕ್ಸಿ ಐದು ನಿಮಿಷ ತಿರುಗಿ ನಿಲ್ಲುತ್ತೆ. ರೂಟರ್ ಹಾಗಲ್ಲ, 24 ಗಂಟೆಯೂ ಉರಿಯುತ್ತೆ. ಹಾಗಾಗಿ ಸಣ್ಣ ವ್ಯತ್ಯಾಸವೂ ತಿಂಗಳ ಕೊನೆಗೆ ದೊಡ್ಡದಾಗುತ್ತೆ.

ಲೆಕ್ಕ ಸುಲಭ. ಅಡಾಪ್ಟರ್ ಹಿಂದೆ 12 ವೋಲ್ಟ್, 1 ಆಂಪ್ ಅಂತ ಬರೆದಿದ್ದರೆ ಎರಡನ್ನೂ ಗುಣಿಸಿ. 12 ವ್ಯಾಟ್. ಇದು ಹೆಚ್ಚೆಂದರೆ ಕುಡಿಯುವ ಕರೆಂಟ್, ದಿನನಿತ್ಯದಲ್ಲಿ ಇನ್ನೂ ಕಡಿಮೆಯೇ. 10 ವ್ಯಾಟ್‌ನ ಯಂತ್ರ ದಿನವಿಡೀ ಉರಿದರೆ ತಿಂಗಳಿಗೆ ಸುಮಾರು 7 ಯೂನಿಟ್. "ಮನೆಯಲ್ಲಿ ಹಳೇ ಕಂಪ್ಯೂಟರ್ ಬಿದ್ದಿದೆ, ಅದನ್ನೇ ಫೈರ್‌ವಾಲ್ ಮಾಡ್ತೀನಿ" ಅಂತ ಕೆಲವು ಹುಡುಗರು ಹೊರಡುತ್ತಾರೆ. ಆಗೋ ಕೆಲಸವೇ, ಪುಕ್ಕಟೆಯೂ ಹೌದು. ಆದರೆ ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ಕುಡಿದರೆ ತಿಂಗಳಿಗೆ 43 ಯೂನಿಟ್! 2023ರಲ್ಲಿ ಶುರುವಾದ ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ ಹಳೆಯ ಸರಾಸರಿಯ ಮೇಲೆ ಉಚಿತ ಯೂನಿಟ್‌ನ ಮಿತಿ ಇರುತ್ತೆ, 200 ದಾಟಿದರಂತೂ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಪುಕ್ಕಟೆ ಕಂಪ್ಯೂಟರ್ ದುಬಾರಿಯಾಗೋದು ಹೀಗೆ.

ಕರೆಂಟ್ ಹೋದಾಗ...

ಕಡಿಮೆ ವ್ಯಾಟ್‌ನ ನಿಜವಾದ ಲಾಭ ಬಿಲ್ಲಿಗಿಂತ ಇಲ್ಲಿ ಹೆಚ್ಚು. ಮಲೆನಾಡಿನ ಮಳೆಗಾಲ ಗೊತ್ತಲ್ಲ? ಜುಲೈ, ಆಗಸ್ಟ್‌ನಲ್ಲಿ ಮರ ಬಿದ್ದು ಲೈನ್ ಹರಿದರೆ ಮೆಸ್ಕಾಂ ಸಿಬ್ಬಂದಿ ಕಾಡೊಳಗೆ ಹುಡುಕಿ ಸರಿ ಮಾಡೋ ಹೊತ್ತಿಗೆ ದಿನಗಳೇ ಹಿಡಿಯುವುದುಂಟು.

ರೂಟರ್‌ಗೆಂದೇ ಅಂಗೈಯಗಲದ ಮಿನಿ ಯುಪಿಎಸ್ ಸಿಗುತ್ತೆ. ಅದರ ಪೆಟ್ಟಿಗೆ ಮೇಲೆ 10,000 ಎಂಎಎಚ್ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತೆ. ಅದನ್ನು ನೋಡಿ ಮರುಳಾಗಬೇಡಿ. ಒಳಗಿನ ಸೆಲ್‌ಗಳು 3.7 ವೋಲ್ಟಿನವು. ಗುಣಿಸಿದರೆ 37 ವ್ಯಾಟ್-ಅವರ್, ನಷ್ಟ ಕಳೆದು ಕೈಗೆ ಸಿಗೋದು 30ರ ಆಸುಪಾಸು. ಫೈಬರ್ ಡಬ್ಬ 6 ವ್ಯಾಟ್, ರೂಟರ್ 8 ವ್ಯಾಟ್ ಕುಡಿದರೆ ಒಟ್ಟು 14. ಅಂದರೆ ಎರಡು ಗಂಟೆ ಸಿಗುತ್ತೆ. 60 ವ್ಯಾಟ್‌ನ ಕಂಪ್ಯೂಟರ್ ಆದರೆ ಅರ್ಧ ಗಂಟೆಯೂ ಸಾಲದು, ಅದನ್ನು ಮಿನಿ ಯುಪಿಎಸ್‌ಗೆ ಸಿಕ್ಕಿಸೋದಕ್ಕೂ ಆಗಲ್ಲ. ಒಂದೇ ಯುಪಿಎಸ್‌ನಿಂದ ಎರಡನ್ನೂ ನಡೆಸುವುದಾದರೆ ಎರಡರ ವೋಲ್ಟೂ ಹೊಂದುತ್ತಾ, ಎರಡರ ಆಂಪ್ ಕೂಡಿದರೂ ಯುಪಿಎಸ್‌ನ ಮಿತಿಯೊಳಗೇ ಇದೆಯಾ ಅಂತ ಕೇಳಿಕೊಳ್ಳಿ. ಮನೆಗೆ ಇನ್ವರ್ಟರ್ ಇದ್ದರೆ ಫೈಬರ್ ಡಬ್ಬ, ರೂಟರ್ ಎರಡನ್ನೂ ಇನ್ವರ್ಟರ್ ಲೈನಿನ ಪ್ಲಗ್‌ಗೆ ಹಾಕಿಸಿ. ಎಷ್ಟೋ ಮನೆಗಳಲ್ಲಿ ಫ್ಯಾನ್ ತಿರುಗುತ್ತಿರುತ್ತೆ, ನೆಟ್ ಇರಲ್ಲ!

ಕೇಬಲ್‌ನವರ ಹತ್ತಿರ ಒಂದು ಪ್ರಶ್ನೆ ಮರೆಯದೆ ಕೇಳಿ: "ನಿಮ್ಮ ಕಡೆ ಬ್ಯಾಟರಿ ಎಷ್ಟು ಗಂಟೆ ಬರುತ್ತೆ?" ನಮ್ಮ ಮನೆಯಲ್ಲಿ ಯುಪಿಎಸ್ ಇದ್ದರೂ ಅವರ ಯಂತ್ರ ನಿಂತರೆ ನಮಗೂ ನೆಟ್ ಇಲ್ಲ. ಅದಕ್ಕೇ ಸಿಮ್ ಹಾಕುವ ಅಥವಾ ಡಾಂಗಲ್ ಸಿಕ್ಕಿಸುವ ಜಾಗ ಇರುವ ರೂಟರ್ ಮಲೆನಾಡಿಗೆ ಒಳ್ಳೆಯದು. ಫೈಬರ್ ಹೋದ ತಕ್ಷಣ ತಾನೇ ಮೊಬೈಲ್ ಸಿಗ್ನಲ್‌ಗೆ ಬದಲಾಗುತ್ತೆ. ನಿಮ್ಮ ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ ಸಿಗುತ್ತೆ ಅಂತ ಮೊದಲು ಫೋನ್ ಹಿಡಿದು ನೋಡಿ, ಆಮೇಲೆ ಸಿಮ್ ತೆಗೆದುಕೊಳ್ಳಿ.

ಮಳೆ, ಸಿಡಿಲು, ಹೊಗೆ

ಲ್ಯಾಂಡ್‌ಲೈನ್ ಕಾಲದಲ್ಲಿ ಗುಡುಗು ಶುರುವಾದರೆ ಅಜ್ಜಿಯಂದಿರು ಮೊದಲು ಫೋನಿನ ವೈರ್ ಕಿತ್ತಿಡುತ್ತಿದ್ದರು. ಆ ಬುದ್ಧಿ ಈಗಲೂ ಬೇಕು. ಫೈಬರ್‌ನೊಳಗಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯಲ್ಲ ನಿಜ. ಆದರೆ ಕೆಲವು ಕೇಬಲ್‌ಗಳಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುತ್ತೆ. ಜೊತೆಗೆ ಕರೆಂಟ್ ಲೈನಿನಿಂದ ಸಿಡಿಲಿನ ಪೆಟ್ಟು ಬಂದೇ ಬರುತ್ತೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಎಷ್ಟು ಮೋಡೆಮ್ ಸುಟ್ಟಿವೆ ಅಂತ ಊರಿನ ಕೇಬಲ್ ಹುಡುಗನನ್ನೇ ಕೇಳಿ.

ಮಿನಿ ಯುಪಿಎಸ್ ಇದ್ದವರಿಗೆ ಒಂದು ಸುಲಭ ಉಪಾಯ ಇದೆ. ಗುಡುಗು ದೂರದಲ್ಲಿರುವಾಗಲೇ ಯುಪಿಎಸ್‌ನ ಪ್ಲಗ್ಗನ್ನೂ, ಲ್ಯಾಪ್‌ಟಾಪ್ ಚಾರ್ಜರನ್ನೂ ಗೋಡೆಯಿಂದ ಕಿತ್ತುಬಿಡಿ. ಎರಡೂ ಬ್ಯಾಟರಿಯಲ್ಲೇ ನಡೆಯುತ್ತವೆ, ಮೀಟಿಂಗ್ ನಿಲ್ಲಲ್ಲ. ಸಿಡಿಲು ತಲೆಯ ಮೇಲೇ ಬಂದರೆ ಮಾತ್ರ ಮೀಟಿಂಗಿಗಿಂತ ಜೀವ ಮುಖ್ಯ, ಎಲ್ಲಾ ಬಿಟ್ಟು ಏಳಿ. ಮನೆಯಿಂದ ಕೊಟ್ಟಿಗೆಗೋ, ಹೋಂಸ್ಟೇ ಕೋಣೆಗೋ ಹೊರಗಡೆ ತಾಮ್ರದ ನೆಟ್‌ವರ್ಕ್ ಕೇಬಲ್ ಎಳೆಸಬೇಡಿ. ಅದು ಸಿಡಿಲನ್ನು ಕೈಹಿಡಿದು ಕರೆತಂದ ಹಾಗೆ. ಅಲ್ಲಿಗೂ ಫೈಬರ್ರೇ ಸರಿ.

ಫ್ಯಾನ್ ಇಲ್ಲದ ಮಾದರಿಯನ್ನೇ ಆರಿಸಿ. ಫ್ಯಾನ್ ಇದ್ದರೆ ಬಚ್ಚಲು ಒಲೆಯ ಹೊಗೆ, ಅಡಿಕೆ ಸಿಪ್ಪೆಯ ಧೂಳು, ಮಳೆಗಾಲದ ತೇವ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತೆ. ಗಾಳಿಯಾಡುವ ಎತ್ತರದ ಜಾಗದಲ್ಲಿಡಿ, ಕಪಾಟಿನೊಳಗೆ ಮುಚ್ಚಿಡಬೇಡಿ. ಬೆಚ್ಚಗಿರುವ ಡಬ್ಬ ಅಂದರೆ ಇರುವೆ, ಹಲ್ಲಿಗಳಿಗೆ ಪ್ರೀತಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ.

ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗಳನ್ನು ದಾಟೋದು ವೈಫೈಗೆ ಕಷ್ಟ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆಗೆ ಸೋಲುತ್ತೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತೆ. ಎರಡೂ ಇರುವ ರೂಟರ್ ತೆಗೆದುಕೊಂಡು ಕೆಲಸದ ಮೇಜಿಗೆ ಮನೆಯೊಳಗೇ ಒಂದು ವೈರ್ ಎಳೆದುಕೊಂಡರೆ ನೆಮ್ಮದಿ.

ಯಾವುದನ್ನು ಕೊಳ್ಳೋದು?

ಅಂಗಡಿಯಲ್ಲಿ ಸಿಗುವುದನ್ನು ಮೂರು ಗುಂಪು ಮಾಡಬಹುದು.

ಒಂದು, ಮಾಮೂಲಿ ವೈಫೈ ರೂಟರ್. ಫೈರ್‌ವಾಲ್, ಅತಿಥಿ ವೈಫೈ ಎರಡೂ ಇರುತ್ತವೆ. ಫೋನಿನ ಆ್ಯಪ್‌ನಲ್ಲೇ ಹೊಂದಿಸಬಹುದು. ಹೆಚ್ಚಿನ ಮನೆಗಳಿಗೆ ಇದೇ ಸಾಕು.

ಎರಡು, ಟಿಪಿ-ಲಿಂಕ್‌ನ ಇಆರ್605, ಲಾಟ್ವಿಯಾ ದೇಶದ ಮೈಕ್ರೋಟಿಕ್ ಕಂಪನಿಯ ಹೆಕ್ಸ್ ತರಹದ ಪುಟ್ಟ ವೈರ್ಡ್ ರೂಟರ್‌ಗಳು. ಫ್ಯಾನ್ ಇಲ್ಲ, ಕರೆಂಟ್ ಕಡಿಮೆ, ಎರಡು ಕಂಪನಿಯ ಸಂಪರ್ಕವನ್ನು ಒಟ್ಟಿಗೆ ನಿಭಾಯಿಸುತ್ತವೆ. ಆದರೆ ಇವುಗಳಲ್ಲಿ ವೈಫೈ ಇಲ್ಲ, ಅದಕ್ಕೆ ಬೇರೆ ಡಬ್ಬ ಬೇಕು. ಮೈಕ್ರೋಟಿಕ್ ಹೊಂದಿಸೋದಕ್ಕೆ ಗೊತ್ತಿರುವವರೇ ಬೇಕು.

ಮೂರು, ಫ್ಯಾನ್ ಇಲ್ಲದ ಮಿನಿ ಕಂಪ್ಯೂಟರ್‌ಗೆ ಒಪಿಎನ್‌ಸೆನ್ಸ್, ಪಿಎಫ್‌ಸೆನ್ಸ್‌ನಂಥ ಉಚಿತ ಫೈರ್‌ವಾಲ್ ತಂತ್ರಾಂಶ ಹಾಕುವುದು. ಎಲ್ಲಕ್ಕಿಂತ ಬಲವಾದದ್ದು ಇದೇ. ಆದರೆ ಖರ್ಚು ಹೆಚ್ಚು, ಮೇಲಿನ ಎರಡಕ್ಕಿಂತ ಕರೆಂಟೂ ಸಾಮಾನ್ಯವಾಗಿ ಹೆಚ್ಚು. ಮಗ ಬೆಂಗಳೂರಿಗೆ ಹೋದ ಮೇಲೆ ಕೆಟ್ಟರೆ ಊರಲ್ಲಿ ಸರಿ ಮಾಡುವವರು ಯಾರು? ಈ ಪ್ರಶ್ನೆಗೆ ಉತ್ತರ ಇದ್ದರೆ ಮಾತ್ರ ತನ್ನಿ.

ವೇಗದ ವಿಷಯದಲ್ಲಿ ಅಂಗಡಿಯವರ ಮಾತಿಗೆ ಬೆರಗಾಗಬೇಡಿ. ನಿಮ್ಮ ಪ್ಲಾನ್ 100 ಎಂಬಿಪಿಎಸ್ ಆಗಿದ್ದರೆ ಸಾವಿರಗಳ ವೇಗದ ರೂಟರ್ ತಂದರೂ ಸಿಗೋದು ಅಷ್ಟೇ. ಆದರೆ ತೂತುಗಳು 'ಗಿಗಾಬಿಟ್' ಇರಲಿ, ಮುಂದೆ ಪ್ಲಾನ್ ಬದಲಿಸಿದರೂ ನಡೆಯುತ್ತೆ.

ತಂದ ಮೇಲೆ ಮಾಡಬೇಕಾದ್ದು

ಬರೀ ತಂದು ಸಿಕ್ಕಿಸಿದರೆ ಅರ್ಧ ಕೆಲಸ. ಮನೆಯವರೆಲ್ಲ ಹಳೆಯ ಡಬ್ಬದ ವೈಫೈನಲ್ಲೇ ಇದ್ದರೆ ಹೊಸ ಫೈರ್‌ವಾಲ್ ಇದ್ದೂ ಇಲ್ಲದ ಹಾಗೆ! ಆದ್ದರಿಂದ ಕೇಬಲ್‌ನವರ ಡಬ್ಬದ ವೈಫೈ ಆರಿಸಿ, ಸಾಧ್ಯವಾದರೆ ಅದನ್ನು 'ಬ್ರಿಡ್ಜ್ ಮೋಡ್'ಗೆ ಹಾಕಿಕೊಡಿ ಅಂತ ಅವರಿಗೇ ಹೇಳಿ. ಆಗ ನಿಮ್ಮ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್ ಬೇಕಾಗುತ್ತೆ, ಬರೆಸಿಕೊಳ್ಳಿ.

ಹೋಂಸ್ಟೇಯವರು ಇದಕ್ಕೆ ಉಲ್ಟಾ ಮಾಡಬಹುದು. ಕೇಬಲ್‌ನವರ ಡಬ್ಬದ ವೈಫೈ ಅತಿಥಿಗಳಿಗೆ ಇರಲಿ. ಅದರ ಹಿಂದೆ ನಿಮ್ಮ ಹೊಸ ರೂಟರ್, ಅದರ ಹಿಂದೆ ಮನೆಯವರ ಲ್ಯಾಪ್‌ಟಾಪ್, ಫೋನುಗಳು. ಅತಿಥಿಗಳು ಜಗಲಿಯಲ್ಲಿ, ಮನೆಯವರು ಒಳಗೆ. ಹೆಚ್ಚಿನ ಖರ್ಚಿಲ್ಲದೆ ಎರಡು ಮನೆ ಆದಂತೆ.

ಇನ್ನು ಇವನ್ನು ಒಂದೊಂದಾಗಿ ಮಾಡಿ.

• ಡಬ್ಬದೊಳಗೆ ಹೋಗುವ 'ಅಡ್ಮಿನ್' ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ. ಎರಡನ್ನೂ ಬದಲಿಸಿ, ಎರಡೂ ಡಬ್ಬಗಳಲ್ಲಿ. ಮನೆ ಹೆಸರು, ಫೋನ್ ನಂಬರ್ ಬೇಡ. ನಾಲ್ಕು ಸಂಬಂಧವಿಲ್ಲದ ಪದ ಸೇರಿಸಿದರೆ ಉದ್ದವೂ ಆಗುತ್ತೆ, ನೆನಪೂ ಉಳಿಯುತ್ತೆ.
• ವೈಫೈ ಭದ್ರತೆ ಡಬ್ಲ್ಯೂಪಿಎ3 ಅಥವಾ ಡಬ್ಲ್ಯೂಪಿಎ2 ಇರಲಿ. ಡಬ್ಲ್ಯೂಪಿಎಸ್ ಆಫ್ ಮಾಡಿ.
• 'ರಿಮೋಟ್ ಮ್ಯಾನೇಜ್‌ಮೆಂಟ್' ಮತ್ತು ಯುಪಿಎನ್‌ಪಿ ಆಫ್ ಇರಲಿ. ಇವೆರಡೂ ಹೊರಗಿನವರಿಗೆ ಕಿಂಡಿ.
• ಅಪ್‌ಡೇಟ್ ತಾನೇ ಆಗುವ ಹಾಗೆ ಹೊಂದಿಸಿ. ಅಪ್‌ಡೇಟ್ ಬರೋದು ನಿಂತುಹೋದ ರೂಟರ್ ಅಂದರೆ ಗೆದ್ದಲು ಹಿಡಿದ ಬಾಗಿಲು, ಬದಲಿಸಬೇಕು.
• ಸಿಸಿಟಿವಿ, ಸ್ಮಾರ್ಟ್ ಟಿವಿಗಳನ್ನು ಆಫೀಸ್ ಲ್ಯಾಪ್‌ಟಾಪ್ ಇರುವ ವೈಫೈನಲ್ಲಿ ಇಡಬೇಡಿ, ಅತಿಥಿ ವೈಫೈಗೆ ಹಾಕಿ. ಕ್ಯಾಮೆರಾ ಪಾಸ್‌ವರ್ಡ್ ಕೂಡ ಬದಲಿಸಿ.
• ಕಂಪನಿಯ ವಿಪಿಎನ್ ಸರಿಯಾಗಿ ನಡೆಯುತ್ತಾ ಅಂತ ರಜೆಯ ದಿನವೇ ಪರೀಕ್ಷಿಸಿ, ಸೋಮವಾರ ಬೆಳಗ್ಗೆ ಬೇಡ.

ಇಷ್ಟಾದರೂ ಒಂದು ಎಚ್ಚರಿಕೆ

ಉಣುಗೋಲು ದನವನ್ನು ತಡೆಯುತ್ತೆ. ನಾವೇ ಗಳ ಸರಿಸಿ ಕಳ್ಳನನ್ನು ಒಳಗೆ ಕರೆದರೆ ಅದೇನು ಮಾಡೀತು? ಬ್ಯಾಂಕಿನವನು ಅಂತ ಹೇಳಿದವನಿಗೆ ಓಟಿಪಿ ಕೊಟ್ಟರೆ, ವಾಟ್ಸಾಪ್‌ನಲ್ಲಿ ಬಂದ ಮದುವೆ ಕರೆಯೋಲೆ ಅನ್ನುವ ಫೈಲ್ ಒತ್ತಿದರೆ, ವಿಡಿಯೋ ಕಾಲ್‌ನಲ್ಲಿ 'ಡಿಜಿಟಲ್ ಅರೆಸ್ಟ್' ಅಂದವನಿಗೆ ಹೆದರಿ ಹಣ ಕಳಿಸಿದರೆ ಯಾವ ಫೈರ್‌ವಾಲೂ ಕಾಪಾಡಲ್ಲ. ಪೊಲೀಸರು ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಬಂಧಿಸುವುದಿಲ್ಲ, ಇದನ್ನು ಮನೆಯ ಹಿರಿಯರಿಗೆ ಇವತ್ತೇ ಹೇಳಿಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಅಂಗಡಿಗೆ ಒಯ್ಯುವ ಚೀಟಿ

1. ಒಟ್ಟು ವ್ಯಾಟ್ ಎಷ್ಟು? 12 ವೋಲ್ಟ್ ಅಡಾಪ್ಟರ್ರಾ?
2. ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಇದೆಯಾ? (ಲೋ ವೋಲ್ಟೇಜ್ ಊರಿಗೆ ಇದು ಮುಖ್ಯ.)
3. ಫ್ಯಾನ್ ಇಲ್ಲ ತಾನೆ?
4. ಅತಿಥಿ ವೈಫೈ ಇದೆಯಾ? ಸಿಮ್ ಅಥವಾ ಡಾಂಗಲ್ ಹಾಕಬಹುದಾ?
5. ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತೆ?
6. ಸಿಡಿಲಿಗೆ ಸುಟ್ಟರೆ ವಾರಂಟಿ ಇದೆಯಾ? ಸರ್ವಿಸ್ ಶಿವಮೊಗ್ಗದಲ್ಲೋ, ಚಿಕ್ಕಮಗಳೂರಿನಲ್ಲೋ, ಬೆಂಗಳೂರಿಗೇ ಕಳಿಸಬೇಕೋ?

ನೀವು ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದು, ಅತ್ತೆ ಮಾವ ಊರಲ್ಲಿದ್ದರೆ ಮುಂದಿನ ಸಲ ಹೋದಾಗ ಅರ್ಧ ದಿನ ಈ ಕೆಲಸಕ್ಕೆ ಮೀಸಲಿಡಿ. ಪಾಸ್‌ವರ್ಡ್, ಕೇಬಲ್‌ನವರ ನಂಬರ್, ಯಾವ ವೈರ್ ಎಲ್ಲಿಗೆ ಅನ್ನುವುದನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದು ಬೀರುವಿನೊಳಗೆ ಇಡಿ. ಡಬ್ಬದ ಮೇಲೆ ಮಾತ್ರ ಅಂಟಿಸಬೇಡಿ! ಊರಲ್ಲೇ ಉಳಿದು ದುಡಿಯಬೇಕು ಅನ್ನುವ ಮಕ್ಕಳ ಆಸೆ ಈಗ ತೋಟದಷ್ಟೇ ಈ ಪುಟ್ಟ ಡಬ್ಬವನ್ನೂ ನಂಬಿದೆ. ಅದರ ಕಾಳಜಿ ಮನೆಯೊಡತಿಗೂ ಗೊತ್ತಿದ್ದರೆ ಒಳ್ಳೆಯದಲ್ವಾ?